ಅಪ್‌ಡೇಟ್: ಮಗಳ ಮುಟ್ಟಿನ ನೋವಿಗೆ ಏನು ಕೆಲಸ ಮಾಡಿತು

ಮುಟ್ಟಿನ ಹೊಟ್ಟೆನೋವಿಗೆ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯಾ ಅಂತ ನನ್ನ 14 ವರ್ಷದ ಮಗಳಿಗಾಗಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಆರಾಮ ಕೊಟ್ಟಿದ್ದು ಬಿಸಿ ಶಾಖ. ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ, ಹೊಕ್ಕುಳಿನ ಕೆಳಗೆ ಒತ್ತಿ ಹಿಡಿದು, ಮೊಣಕಾಲು ಮಡಚಿ ಮಗ್ಗುಲಾಗಿ ಮಲಗುತ್ತಾಳೆ. ಸ್ವಲ್ಪ ಹೊತ್ತಿಗೆ ಮುಖದ ಬಿಗಿ ಇಳಿಯುವುದು ಕಾಣುತ್ತದೆ. ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಗರ್ಭಕೋಶವನ್ನು ಹಿಂಡುವುದರಿಂದ ಈ ನೋವು ಬರುತ್ತದಂತೆ. ಶಾಖ ಆ ಸ್ನಾಯುವನ್ನು ಸಡಿಲ ಮಾಡುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು, ಚರ್ಮ ಸುಡಬಾರದು ಅಲ್ವಾ.

ವ್ಯಾಯಾಮವೂ ಕೈಹಿಡಿಯಿತು. ಆದರೆ ನೋವಿನ ದಿನ ಮಾತ್ರ ಮಾಡಿದರೆ ಸಾಲದು, ತಿಂಗಳಿಡೀ ಬೇಕು. ವಾರಕ್ಕೆ 3 ಸಲ, ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಾಳೆ. ಫಲ ಕಾಣಲು ಕೆಲವು ತಿಂಗಳು ಹಿಡಿಯಿತು, ಸುಮ್ನೆ ಮಧ್ಯದಲ್ಲಿ ಬಿಡಬೇಡಿ.

ಟೆನ್ಸ್ ಯಂತ್ರದ (ಚರ್ಮದ ಮೇಲೆ ಅಂಟಿಸಿದ ಪ್ಯಾಡ್‌ಗಳಿಂದ ಸಣ್ಣ ವಿದ್ಯುತ್ ಹರಿಸಿ ನೋವು ತಗ್ಗಿಸುವ ಸಾಧನ) ಬಗ್ಗೆಯೂ ಹೇಳಿದ್ದಿರಿ. ಅದನ್ನು ಇನ್ನೂ ಬಳಸಿಲ್ಲ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಪ್ರತಿ ತಿಂಗಳು ಶಾಲೆ ತಪ್ಪುವಷ್ಟು ನೋವಿದ್ದರೆ, ಅಥವಾ ಮುಟ್ಟು ಇಲ್ಲದಾಗಲೂ ನೋವಿದ್ದರೆ ಡಾಕ್ಟರಿಗೆ ತೋರಿಸಿ. ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಹದಿಹರೆಯದಲ್ಲೂ ಬರುತ್ತದೆ. ಡಾಕ್ಟರ್ ಮಾತ್ರೆ ಕೊಟ್ಟರೆ ಅದನ್ನು ತಗೊಳ್ಳುವುದರಲ್ಲಿ ತಪ್ಪೇನೂ ಇಲ್ಲ.