ಕಟಿಂಗ್ ಮಾಡಲ್ಲ ಅಂದರು, ಠಾಣೆಯಲ್ಲಿ ದೂರು ತಗೊಳ್ಳಲಿಲ್ಲ. ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದಾ?

ಪ್ರಶ್ನೆ:
ನಮ್ಮದು ಚಿತ್ರದುರ್ಗ ಜಿಲ್ಲೆಯ ಹಳ್ಳಿ. ಹೋದ ವಾರ ನನ್ನ ತಮ್ಮ ಊರಿನ ಕಟಿಂಗ್ ಶಾಪಿಗೆ ಹೋಗಿದ್ದ. ಕುರ್ಚಿ ಖಾಲಿ ಇತ್ತು. ಇವನು ಕೂರುವ ಮೊದಲೇ ಅಂಗಡಿಯವರು ಅದರ ಮೇಲೆ ಟವೆಲ್ ಹಾಕಿ, "ನಿಮ್ಮ ಕೇರಿಯವರಿಗೆ ಮಾಡಲ್ಲ, ಗೊತ್ತಲ್ವಾ?" ಅಂದರು. ಪಿಯುಸಿ ಓದುವ ಹುಡುಗ, ಆ ರಾತ್ರಿ ಊಟ ಮಾಡಲಿಲ್ಲ. ಅಕ್ಕ ಆಗಿ ಸುಮ್ನೆ ಇರೋಕೆ ನನ್ನಿಂದ ಆಗಲಿಲ್ಲ. ಠಾಣೆಗೆ ಹೋದರೆ "ಹಿರಿಯರನ್ನ ಕೂರಿಸಿ ಊರಲ್ಲೇ ಮುಗಿಸಿಕೊಳ್ಳಿ" ಅಂತ ಕಳಿಸಿದರು. ಸ್ವೀಕೃತಿನೂ ಕೊಡಲಿಲ್ಲ. ಬೆಂಗಳೂರಿನ ಆಯೋಗಕ್ಕೆ ನಾವೇ ಬರೆಯಬಹುದಾ? ವಕೀಲರು ಬೇಕಾ?

ಉತ್ತರ:
ತಂಗಿ, ನಾನು ದುರ್ಗದ ಕೋರ್ಟ್ ಹತ್ತಿರ ಅರ್ಜಿ ಬರೆದುಕೊಡುವವನು. ನೀವೇ ಬರೆಯಿರಿ, ಕನ್ನಡದಲ್ಲೇ. ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಆಯೋಗ ನೋಡುವುದು ಸರ್ಕಾರಿ ನೌಕರರ ತಪ್ಪನ್ನ. ಅನ್ಯಾಯ ತಡೆಯದೆ ಕೈಕಟ್ಟಿ ಕೂತರೆ ಅದೂ ಸೇರುತ್ತೆ. ಹಾಗಾಗಿ ದೂರು ಅಂಗಡಿಯವರ ಮೇಲಲ್ಲ, ಠಾಣೆಯವರ ಮೇಲೆ ಇರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನಂದರು, ಅವರ ಮಾತಲ್ಲೇ ಬರೆಯಿರಿ. ಎಷ್ಟೋ ಜನ "ನಮಗೆ ಘೋರ ಅನ್ಯಾಯವಾಗಿದೆ" ಅಂತ ಪುಟಗಟ್ಟಲೆ ಬರೆದು ತರುತ್ತಾರೆ, ದಿನಾಂಕವೇ ಇರಲ್ಲ. ನೋಡಿದರೆ ಸಂಕಟ ಆಗುತ್ತೆ. ಘಟನೆ ಆಗಿ ಒಂದು ವರ್ಷದೊಳಗೆ ಕೊಡಬೇಕು.

ಅಂಗಡಿ ವಿಷಯಕ್ಕೆ ಕೇಸೇ ಆಗಬೇಕು. ಅಸ್ಪೃಶ್ಯತೆ ಆಚರಿಸಿ ಅಂಗಡಿಗೆ ಸೇರಿಸದೆ ಇರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ಅಪರಾಧ, 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. "ಮೊದಲು ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್" ಅಂದರೆ ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ತೋರಿಸಿ, ಎಫ್‌ಐಆರ್‌ಗೆ ಮೊದಲು ಅಂಥ ವಿಚಾರಣೆ ಬೇಕಿಲ್ಲ ಅಂತ ಅದರಲ್ಲಿದೆ. ಅದೇ ದೂರನ್ನ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ.

ಇನ್ನೊಂದು ಉತ್ತರ:
ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬೇರೆ ಒಂದು ಆಯೋಗ ಆಗಲೇ ವಿಚಾರಣೆ ನಡೆಸುತ್ತಿದ್ದರೆ ಅದೇ ವಿಷಯವನ್ನ ರಾಜ್ಯ ಮಾನವ ಹಕ್ಕುಗಳ ಆಯೋಗ ಎತ್ತಿಕೊಳ್ಳುವಂತಿಲ್ಲ. ಎಲ್ಲ ಆಯೋಗಗಳಿಗೂ ಒಟ್ಟಿಗೆ ಅರ್ಜಿ ಹಾಕಬೇಡಿ. ಆಯೋಗ ಸರ್ಕಾರಕ್ಕೆ ಶಿಫಾರಸು ಮಾಡುತ್ತೆ ಅಷ್ಟೇ, ಯಾರಿಗೂ ಶಿಕ್ಷೆ ಕೊಡಲ್ಲ. ಅದಕ್ಕೇ ಕೇಸ್ ಬಿಡಬೇಡಿ. ದೌರ್ಜನ್ಯದ ಸಹಾಯವಾಣಿ 14566ಕ್ಕೂ ಫೋನ್ ಮಾಡಿ.

ಪ್ರಶ್ನೆ ಕೇಳಿದವರು:
ಅಣ್ಣ, ಠಾಣೆಯಲ್ಲಿ ಮಾತಾಡಿದವರ ಹೆಸರು ಗೊತ್ತಿಲ್ಲ. ಏನು ಮಾಡಲಿ?

ಉತ್ತರ:
ಹೆಸರು ಬೇಡಮ್ಮ. ಠಾಣೆ, ದಿನ, ಹೊತ್ತು, ತೋಳಿನ ಮೇಲೆ ಎಷ್ಟು ಪಟ್ಟಿ ಇತ್ತು ಅಂತ ನೆನಪಿದ್ದರೆ ಅದು. ಆ ಹೊತ್ತಲ್ಲಿ ಡ್ಯೂಟಿಯಲ್ಲಿ ಯಾರಿದ್ದರು ಅನ್ನೋದು ಅವರ ದಾಖಲೆಯಲ್ಲೇ ಇರುತ್ತೆ.