ಅಣುಸ್ಥಾವರದಲ್ಲಿ ನಾಟಕವಂತೆ!

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಜಗಳ ಇದು. ನನ್ನ ಫೋನಿನಲ್ಲಿ ಯಾರನ್ನು ಏನೆಂದು ಸೇವ್ ಮಾಡಿದ್ದೇನೋ ಹಾಗೇ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಹೂವುಗಳನ್ನು ಕಿತ್ತು ಹಾಕಿದ್ದೇನೆ.

ಹಿನ್ನೆಲೆ ಇಷ್ಟೇ. ಚಿಕ್ಕಪ್ಪ, ಚಿಕ್ಕಮ್ಮ ಮಗಳನ್ನು ನೋಡಲು ಲಂಡನ್‌ಗೆ ಹೊರಟಿದ್ದಾರೆ. ಅಲ್ಲಿನ ನ್ಯಾಷನಲ್ ಥಿಯೇಟರ್‌ನಲ್ಲಿ ಒಂದು ನಾಟಕ ನೋಡಬೇಕೆಂದು ಚಿಕ್ಕಮ್ಮನಿಗೆ ಬಹಳ ಆಸೆ. ಕತ್ತಲಲ್ಲಿ ಗಂಟೆಗಟ್ಟಲೆ ಬಾಯಿ ಮುಚ್ಚಿ ಕೂರುವುದು ಚಿಕ್ಕಪ್ಪನಿಂದ ಆಗದ ಕೆಲಸ. ಇಬ್ಬರೂ ಒಂದೇ ಸೋಫಾದಲ್ಲಿ ಕೂತಿದ್ದರು. ಆದರೂ ಚಿಕ್ಕಪ್ಪ ಇದನ್ನು ಗುಂಪಿಗೇ ಹಾಕಿದರು.

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರಿಕೆ!!! ಲಂಡನ್‌ಗೆ ಹೋಗುವವರು ತಪ್ಪದೆ ಓದಿ. ಥೇಮ್ಸ್ ನದಿ ದಡದ ನ್ಯಾಷನಲ್ ಥಿಯೇಟರ್ ಮೊದಲು ಅಣು ವಿದ್ಯುತ್ ಸ್ಥಾವರ ಆಗಿತ್ತು. ಇವತ್ತಿಗೂ ಗೋಡೆಗೆ ಬಣ್ಣ ಬಳಿದಿಲ್ಲ, ಯಾಕೆ ಅಂತ ಯೋಚಿಸಿ. ಒಳಗೆ ಒಂದೇ ಹೊತ್ತಿಗೆ ಮೂರು ನಾಟಕ ನಡೆಯುತ್ತವೆ. ಬಾಗಿಲು ತಪ್ಪಿದರೆ ಬೇರೆ ನಾಟಕ ನೋಡಿಕೊಂಡು ಬರಬೇಕು. ವೇದಿಕೆ ಐದು ಮಹಡಿ ಕೆಳಕ್ಕೆ ಇಳಿಯುತ್ತದೆ!! ನಿಮಗೆ ಬೇಕಾದ ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನಾನು ಆವತ್ತೇ ಹೇಳಿದ್ದೆ.

(ಆವತ್ತು ಏನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ.)

ಸೋದರತ್ತೆ: ಅಯ್ಯೋ ದೇವರೇ. ಹುಡುಗಿ ದಿನಾ ಅದರ ಪಕ್ಕದ ಸೇತುವೆ ಮೇಲೇ ಓಡಾಡುತ್ತಾಳಲ್ಲೋ!

ತಂಗಿ: ಚಿಕ್ಕಪ್ಪಾ, ಇದು ಎಲ್ಲಿಂದ ಬಂತು?

ಚಿಕ್ಕಪ್ಪ: ನನ್ನ ಜೊತೆ ವಾಕಿಂಗ್ ಬರುವವರು ಕಳಿಸಿದರು. ರಿಟೈರ್ಡ್ ಇಂಜಿನಿಯರ್ ಅವರು.

ತಂಗಿ: ಅವರಿಗೆ ಯಾರು ಕಳಿಸಿದರು?

ಚಿಕ್ಕಪ್ಪ: ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರೆ.

ತಂಗಿ: ಫಾರ್ವರ್ಡ್ ಮೂಲ ಹುಡುಕಬಹುದು.

ದೊಡ್ಡಪ್ಪ: ಮಕ್ಕಳೇ, ವಿಷಯ ಸುಳ್ಳೋ ನಿಜವೋ ಆಮೇಲೆ ನೋಡೋಣ. ಹಿರಿಯರು ಕಾಳಜಿಯಿಂದ ಕಳಿಸಿದಾಗ ಮೊದಲು ನಮಸ್ಕಾರ ಹೇಳಬೇಕು. ಇನ್ನು ನನ್ನ ಅಭಿಪ್ರಾಯ. ಮನಸ್ಸು ಒಂದು ಕಡೆ ನಿಲ್ಲಬೇಕಾದರೆ ಒಂದೇ ವೇದಿಕೆ ಸಾಕು. ಈಗಿನವರಿಗೆ ಎಲ್ಲವೂ ಮೂರು ಮೂರು ಬೇಕು.

ತಂಗಿ: ನಮಸ್ಕಾರ ಚಿಕ್ಕಪ್ಪಾ. ಈಗ ವಿಷಯಕ್ಕೆ ಬರೋಣ. ಅದು ಯಾವತ್ತೂ ಸ್ಥಾವರ ಆಗಿರಲಿಲ್ಲ. ನಾಟಕಕ್ಕೆಂದೇ ಕಟ್ಟಿದ್ದು. ಡೆನಿಸ್ ಲ್ಯಾಸ್ಡನ್ ಎಂಬ ಆರ್ಕಿಟೆಕ್ಟ್ ಮಾಡಿದ ವಿನ್ಯಾಸ, 1976ರಲ್ಲಿ ಬಾಗಿಲು ತೆರೆಯಿತು. ಈಗಿನ ರಾಜ ಚಾರ್ಲ್ಸ್ ಆಗ ರಾಜಕುಮಾರ. 1988ರಲ್ಲಿ ಅವರು ಟಿವಿಯಲ್ಲಿ ಇದನ್ನು ಗೇಲಿ ಮಾಡಿದರು. ಲಂಡನ್ ನಡುವೆ ಯಾರೂ ತಕರಾರು ತೆಗೆಯದಂತೆ ಅಣುಸ್ಥಾವರ ಕಟ್ಟಲು ಇದು ಜಾಣ ಉಪಾಯ ಎಂಬರ್ಥದ ಮಾತು. ಆ ಕುಹಕ ಊರೆಲ್ಲ ಸುತ್ತಿ ನಿಮ್ಮ ಇಂಜಿನಿಯರ್ ಹತ್ತಿರ ಸುದ್ದಿಯಾಗಿ ಬಂದಿದೆ.

ಚಿಕ್ಕಪ್ಪ: ನೋಡಿ, ರಾಜನೇ ಹೇಳಿದ್ದಾನೆ.

ತಂಗಿ: ಅದು ಜೋಕ್ ಚಿಕ್ಕಪ್ಪಾ!

ಚಿಕ್ಕಪ್ಪ: ಅಂಥವರು ಸುಮ್ನೆ ಜೋಕ್ ಮಾಡುತ್ತಾರಾ? ಒಳಗಿನ ವಿಷಯ ಗೊತ್ತಿರುತ್ತದೆ.

ದೊಡ್ಡಪ್ಪ: ದೊಡ್ಡ ಜಾಗದಲ್ಲಿರುವವರು ಮಾತು ತೂಕ ಮಾಡಿ ಆಡಬೇಕು. ಇದು ಎಲ್ಲರಿಗೂ ಅನ್ವಯಿಸುತ್ತದೆ.

(ಕೊನೆಯ ವಾಕ್ಯ ಯಾರಿಗೆ ಎಂದು ಎಲ್ಲರಿಗೂ ಅರ್ಥವಾಯಿತು. ಎಲ್ಲರೂ ಬೇರೆಯವರಿಗೆ ಅಂದುಕೊಂಡರು.)

ಸೋದರತ್ತೆ: ಹಾಗಾದರೆ ಬಣ್ಣ ಯಾಕೆ ಬಳಿದಿಲ್ಲ?

ತಂಗಿ: ಬೇಕೆಂದೇ ಬಿಟ್ಟಿದ್ದಾರೆ ಅತ್ತೆ. ಸೆಂಟ್ರಿಂಗ್‌ಗೆ ಒರಟು ಮರದ ಹಲಗೆ ಕಟ್ಟಿ ಕಾಂಕ್ರೀಟ್ ಸುರಿದಿದ್ದಾರೆ. ಹಲಗೆ ತೆಗೆದಾಗ ಮರದ ಗೆರೆ, ಗಂಟು ಎಲ್ಲ ಗೋಡೆ ಮೇಲೆ ಅಚ್ಚಾಗಿ ಉಳಿದಿದೆ. ಅದೇ ಅದರ ಅಂದ. 1994ರಿಂದ ಸಂರಕ್ಷಿತ ಕಟ್ಟಡ ಬೇರೆ.

ಸೋದರತ್ತೆ: ಒಂದು ಕೋಟ್ ಬಿಳಿ ಹೊಡೆದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಭಾವ: ಆ ಐದು ಮಹಡಿಯದಂತೂ ಪಕ್ಕಾ ಸುಳ್ಳು ಅಲ್ವಾ?

ತಂಗಿ: ತಮಾಷೆ ಏನೆಂದರೆ ಅದು ಹೆಚ್ಚು ಕಡಿಮೆ ನಿಜ! ಅಲ್ಲಿನ ದೊಡ್ಡ ಥಿಯೇಟರ್ ಹೆಸರು ಒಲಿವಿಯರ್. ಅದರ ವೇದಿಕೆಯ ಕೆಳಗೆ ಐದು ಮಹಡಿ ಎತ್ತರದ ಡ್ರಮ್ ಇದೆ. ಅದು ತಿರುಗುತ್ತದೆ. ಒಳಗೆ ಎರಡು ಲಿಫ್ಟ್. ಒಂದರಲ್ಲಿ ಹಳೆಯ ಸೆಟ್ ಕೆಳಗಿಳಿದರೆ ಇನ್ನೊಂದರಲ್ಲಿ ಹೊಸ ಸೆಟ್ ಮೇಲೆ ಬರಬಹುದು. ಮೊದಲ ಕೆಲವು ವರ್ಷ ಅದು ಸರಿಯಾಗಿ ಕೆಲಸ ಮಾಡಲಿಲ್ಲ.

ಚಿಕ್ಕಪ್ಪ: ಒಪ್ಪಿಕೊಂಡೆಯಲ್ಲ. ಸಾಕು.

ಭಾವ: ಸೆಟ್ ಅಂದ ತಕ್ಷಣ ನೆನಪಾಯಿತು! ನಮ್ಮ ಶಾಲೆಯ ನಾಟಕ ಯಾರಿಗೆಲ್ಲ ನೆನಪಿದೆ? ನಾನು ಮರ. ಕೈ ಎತ್ತಿ ನಿಂತು ನಿಂತು ತೋಳೇ ಜೋಮು ಹಿಡಿದಿತ್ತು. ಚಿಕ್ಕ ಮಾವನನ್ನು ಪರದೆಗೆ ನಿಲ್ಲಿಸಿದ್ದರು. ರಾಜ ಸಾಯುವ ಮೊದಲೇ ಪರದೆ ಬಿಟ್ಟರು!

ಚಿಕ್ಕಪ್ಪ: ಹಗ್ಗ ಜಾರಿತು. ಎಷ್ಟು ಸಲ ಹೇಳಬೇಕು?

ಸೋದರತ್ತೆ: ಹಗ್ಗ ಜಾರಲಿಲ್ಲ. ನೀನು ತೂಕಡಿಸಿದೆ. ನಾನು ಪಕ್ಕದಲ್ಲೇ ನಿಂತಿದ್ದೆ.

(ಆ ರಾಜ ನಾನು. ಪರದೆಯ ಹೊರಗೆ, ಜನರ ಎದುರು, ಎದ್ದು ಹೋಗುವುದೋ ಸತ್ತು ಮುಗಿಸುವುದೋ ತಿಳಿಯದೆ ಮಲಗಿದ್ದೆ. ಈಗಲೂ ಯಾರೂ ನನ್ನನ್ನು ವಿಚಾರಿಸಲಿಲ್ಲ. ಒಂದು ನಗುವ ಎಮೋಜಿ ಹಾಕಿ ಸುಮ್ಮನಾದೆ.)

ಚಿಕ್ಕಮ್ಮ: ನಿಮ್ಮ ಪರದೆ ಆಮೇಲೆ ಎಳೆಯಿರಿ. ನನಗೆ ಬೇಕಾದ್ದು ಒಂದೇ. ಆ ಮೂರರಲ್ಲಿ ಯಾವುದಕ್ಕೆ ಹೋಗಲಿ?

ಲಂಡನ್ ಹುಡುಗಿ: ಅಮ್ಮಾ, ಈಗ ಎದ್ದೆ. ಇದೇನಿದು ಇಷ್ಟೊಂದು ಮೆಸೇಜ್? ಹೇಳುತ್ತೇನೆ ಕೇಳು. ಒಲಿವಿಯರ್‌ನಲ್ಲಿ 1,100ಕ್ಕೂ ಜಾಸ್ತಿ ಸೀಟು. ಗ್ರೀಸ್‌ನ ಎಪಿಡೌರಸ್ ಬಯಲು ರಂಗಮಂದಿರ ನೋಡಿ ಪ್ರೇರಣೆ ಪಡೆದದ್ದು, ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡಿದೆ. ವೇದಿಕೆಗೆ ಚೌಕಟ್ಟಿಲ್ಲ. ಲಿಟಲ್ಟನ್ ನಿನಗೆ ಗೊತ್ತಿರುವ ಥರದ್ದು. ಎದುರಿಗೆ ಚೌಕಟ್ಟು, ಅದರೊಳಗೆ ನಾಟಕ, ಸುಮಾರು 890 ಸೀಟು. ಡಾರ್ಫ್‌ಮನ್ ಚಿಕ್ಕದು. ನಾಟಕಕ್ಕೆ ತಕ್ಕಂತೆ ಕುರ್ಚಿಗಳನ್ನೇ ಬೇರೆ ಥರ ಜೋಡಿಸುತ್ತಾರೆ. ನಟರು ಬೆವರುವುದೂ ಕಾಣುತ್ತದೆ. 2014ಕ್ಕೆ ಮೊದಲು ಅದರ ಹೆಸರು ಕಾಟೆಸ್ಲೋ. ಹಳೆಯ ಪುಸ್ತಕದಲ್ಲಿ ಆ ಹೆಸರು ಕಂಡರೆ ನಾಲ್ಕನೆಯದು ಇದೆ ಅಂದುಕೊಳ್ಳಬೇಡ.

ಚಿಕ್ಕಮ್ಮ: ಬಾಗಿಲು ತಪ್ಪಿದರೆ?

ಲಂಡನ್ ಹುಡುಗಿ: ತಪ್ಪುವುದು ಹೇಗೆ? ಒಳಗೆ ಬಿಡುವ ಮುಂಚೆ ಟಿಕೆಟ್ ನೋಡುತ್ತಾರೆ. ತಡವಾಗಿ ಹೋಗುವುದೇ ನಿಜವಾದ ತೊಂದರೆ. ನಾಟಕ ಶುರುವಾದ ಮೇಲೆ ನಡುವೆ ಸರಿಯಾದ ಬಿಡುವು ಸಿಗುವ ತನಕ ಹೊರಗೇ ನಿಲ್ಲಬೇಕಾಗುತ್ತದೆ. ಅದಕ್ಕೇ ಬೇಗ ಹೋಗಿ ಫಾಯರ್‌ನಲ್ಲಿ, ಅಂದರೆ ಥಿಯೇಟರ್ ಮುಂದಿನ ಪಡಸಾಲೆಯಲ್ಲಿ, ಕೂರೋಣ. ಅಲ್ಲಿಗೆ ಟಿಕೆಟ್ ಬೇಡ. ನದಿ ಕಾಣುತ್ತದೆ. ವಾಟರ್ಲೂ ಸ್ಟೇಷನ್‌ನಿಂದ ನಡೆದೇ ಬರಬಹುದು.

ಚಿಕ್ಕಪ್ಪ: ಅದೇ ನಾಟಕಗಳನ್ನು ಸಿನಿಮಾ ಥಿಯೇಟರ್‌ನಲ್ಲಿ ತೋರಿಸುತ್ತಾರಂತೆ. 2009ರಿಂದ. ಅಷ್ಟು ದೂರ ಹೋಗಿ ನೋಡುವುದೇನಿದೆ?

ತಂಗಿ: ಚಿಕ್ಕಪ್ಪಾ, ಇದು ನಿಜ. ಈಗ ನೀವೂ ಹುಡುಕಿ ಓದುತ್ತೀರಾ?

(ಅವರು ಓದಿದ್ದರು ಎಂಬುದೇ ನನಗೆ ಆಶ್ಚರ್ಯ. ನಾಟಕ ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟು ಕಷ್ಟಪಡುತ್ತಾನೆ!)

ಲಂಡನ್ ಹುಡುಗಿ: ಇನ್ನೊಂದು ತಮಾಷೆ. ಇದಕ್ಕೆ ಅಡಿಗಲ್ಲು ಇಟ್ಟಿದ್ದು 1951ರಲ್ಲಿ. ಕಟ್ಟಡ ತೆರೆದದ್ದು ಇಪ್ಪತ್ತೈದು ವರ್ಷ ಆದಮೇಲೆ. ಅದೂ ಅಡಿಗಲ್ಲು ಇಟ್ಟ ಜಾಗದಲ್ಲಿ ಅಲ್ಲ! ನಾಟಕ ತಂಡ 1963ರಿಂದ ಓಲ್ಡ್ ವಿಕ್ ಎಂಬ ಬೇರೆ ಥಿಯೇಟರ್‌ನಲ್ಲಿ ಕಾಯುತ್ತಾ ಆಡುತ್ತಿತ್ತು.

ಸೋದರತ್ತೆ: ಕಲ್ಲು ಒಂದು ಕಡೆ, ಕಟ್ಟಡ ಒಂದು ಕಡೆ. ಅಪ್ಪನ ಸೈಟಿನ ಕಥೆಯೇ.

ಚಿಕ್ಕಪ್ಪ: ಅಕ್ಕಾ, ಅದನ್ನು ಯಾಕೆ ಇಲ್ಲಿ ತರುತ್ತೀಯ?

ಸೋದರತ್ತೆ: ನಾನೇನು ಹೇಳಿದೆ? ಲಂಡನ್ ಬಗ್ಗೆ ಹೇಳಿದೆ.

ದೊಡ್ಡಪ್ಪ: ಸೈಟಿನ ವಿಷಯ ಗುಂಪಿನಲ್ಲಿ ಬೇಡ.

(ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಸೋದರತ್ತೆ ಮಾತ್ರ ಟೈಪ್ ಮಾಡುತ್ತಿದ್ದಾರೆ, ನಿಲ್ಲಿಸಿದ್ದಾರೆ, ಮತ್ತೆ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸುತ್ತಿತ್ತು.)

ಸೋದರತ್ತೆ: ಸೈಟ್ ಬಿಡು. ನಾವೆಲ್ಲ ಲಂಡನ್‌ಗೆ ಹೋಗಿದ್ದಾಗ ಬೇರೊಂದು ಹಳೆಯ ಥಿಯೇಟರ್‌ಗೆ ಟಿಕೆಟ್ ಮಾಡಿಸಿದ್ದು ಯಾರು? ನನ್ನನ್ನು ಕಂಬದ ಹಿಂದೆ ಕೂರಿಸಿದ್ದು ಯಾರು? ಇಡೀ ನಾಟಕದಲ್ಲಿ ನಾಯಕಿಯ ಎಡಗೈ ನೋಡಿದ್ದೇನೆ ಅಷ್ಟೇ. ಅವಳು ಸತ್ತದ್ದೂ ಬಲಗಡೆ.

ಚಿಕ್ಕಪ್ಪ: ನೋಟಕ್ಕೆ ಅಡ್ಡ ಬರುತ್ತದೆ ಅಂತ ಬುಕಿಂಗ್‌ನಲ್ಲೇ ಬರೆದಿತ್ತು. ಅದಕ್ಕೇ ಅಗ್ಗ. ನಿನ್ನನ್ನು ಕೇಳಿದೆ, ಪರವಾಗಿಲ್ಲ ಎಂದೆ.

ಸೋದರತ್ತೆ: ಪರವಾಗಿಲ್ಲ ಎಂದದ್ದು ಮೆಟ್ಟಿಲಿಗೆ. ಕಂಬದ ಮಾತೇ ನೀನು ಎತ್ತಲಿಲ್ಲ. ನೀನು ಮುಂದೆ ಕೂತು ಗೊರಕೆ ಹೊಡೆದೆ.

ಭಾವ: ಗೊರಕೆ ನನಗೂ ಕೇಳಿಸಿತ್ತು. ನಾನು ಬಾಲ್ಕನಿಯಲ್ಲಿದ್ದೆ.

ದೊಡ್ಡಪ್ಪ: ನಿದ್ದೆ ಬಂದವರನ್ನು ಆಡಿಕೊಳ್ಳಬಾರದು. ವಯಸ್ಸು ಎಲ್ಲರಿಗೂ ಬರುತ್ತದೆ.

ಚಿಕ್ಕಪ್ಪ: ಅಣ್ಣಾ, ಆಗ ನನಗೆ ನಲವತ್ತು.

ತಂಗಿ: ಅಣುಸ್ಥಾವರದ ಫಾರ್ವರ್ಡ್ ಡಿಲೀಟ್ ಮಾಡುತ್ತೀರಾ ಚಿಕ್ಕಪ್ಪಾ? ಸೋದರತ್ತೆ ಆಗಲೇ ಅದನ್ನು ಬೇರೆ ಗುಂಪಿಗೆ ಹಾಕಿದ್ದಾರೆ.

ಸೋದರತ್ತೆ: ಜೋಕ್ ಅಂತ ಬರೆದೇ ಹಾಕಿದ್ದೇನೆ.

ತಂಗಿ: ಎಲ್ಲಿ ಬರೆದಿದ್ದೀರಿ?

ಸೋದರತ್ತೆ: ಈಗ ಬರೆಯುತ್ತೇನೆ.

ಚಿಕ್ಕಮ್ಮ: ಲಿಟಲ್ಟನ್‌ಗೆ ಟಿಕೆಟ್ ಆಯಿತು. ನನಗೊಂದು, ಮಗಳಿಗೊಂದು. ರೀ, ನೀವು ಫಾಯರ್‌ನಲ್ಲಿ ಆರಾಮಾಗಿ ಕೂತಿರಿ. ನದಿ ಕಾಣುತ್ತದಂತೆ.

ಚಿಕ್ಕಪ್ಪ: ನನಗೆ ಯಾಕೆ ಮಾಡಿಸಲಿಲ್ಲ?

ಸೋದರತ್ತೆ: ಕಂಬದ ಹಿಂದೆ ಯಾವುದಾದರೂ ಖಾಲಿ ಇದೆಯಾ ನೋಡಮ್ಮ.