ಪೆಟ್ ಶಾಪ್ ಬಾಯ್ಸ್ ಜೋಡಿಯ ‘ಬಿಹೇವಿಯರ್’ ಆಲ್ಬಮ್‌ನ ನಾದ ಬೇರೆಯಾಗಿರುವುದೇಕೆ?

ಪ್ರಶ್ನೆ: ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್, ಅಂದರೆ ನೀಲ್ ಟೆನೆಂಟ್ ಮತ್ತು ಕ್ರಿಸ್ ಲೋ ಅವರ 1990ರ ‘ಬಿಹೇವಿಯರ್’ ಆಲ್ಬಮ್ಮನ್ನು ಮೊನ್ನೆ ಪೂರ್ತಿಯಾಗಿ ಕೇಳಿದೆ. ಹಿಂದಿನ ನೃತ್ಯಗೀತೆಗಳ ಅಬ್ಬರ ಇದರಲ್ಲಿಲ್ಲ. ಸಿಂಥಸೈಜರ್‌ನ (ವಿದ್ಯುನ್ಮಾನವಾಗಿ ನಾದ ಹುಟ್ಟಿಸುವ ವಾದ್ಯ) ದನಿಯೂ ಮೃದುವಾಗಿದೆ. ಕಾರಣವನ್ನು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ 1: ಮುಖ್ಯ ಕಾರಣ ವಾದ್ಯಗಳೇ. ಮುದ್ರಿಸಿಟ್ಟ ಸದ್ದುಗಳನ್ನು ನುಡಿಸುವ ಡಿಜಿಟಲ್ ಸ್ಯಾಂಪ್ಲರ್‌ಗಳು ಎಲ್ಲೆಡೆ ಹಬ್ಬಿದ್ದ ಆ ಕಾಲದಲ್ಲಿ ಇವರು ವಿದ್ಯುತ್ ಮಂಡಲಗಳಿಂದಲೇ ನಾದ ಹುಟ್ಟಿಸುವ ಹಳೆಯ ಅನಲಾಗ್ ಸಿಂಥಸೈಜರ್‌ಗಳ ನಾದವನ್ನೇ ಬಯಸಿ, ಅವುಗಳಲ್ಲಿ ನುರಿತಿದ್ದ ಸಂಗೀತ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್ ಅವರೊಂದಿಗೆ ಕೆಲಸ ಮಾಡಲು ಜರ್ಮನಿಯ ಮ್ಯೂನಿಕ್‌ಗೆ ಹೋದರು.

ಉತ್ತರ 2: ಸಾಹಿತ್ಯವನ್ನೂ ಮರೆಯಬಾರದು. ಮೊದಲ ಹಾಡಾದ ‘ಬೀಯಿಂಗ್ ಬೋರಿಂಗ್’ ಅನ್ನು ಟೆನೆಂಟ್ ಅವರು ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಿನಲ್ಲಿ ಬರೆದರು. ಆ ಅಗಲಿಕೆಯನ್ನು ತಗ್ಗಿದ ದನಿಯಲ್ಲಿ ಹೇಳಿರುವುದರಿಂದಲೇ ಅದು ಇವರ ಅತ್ಯುತ್ತಮ ಹಾಡೆಂದು ನಾನು ನಂಬಿದ್ದೇನೆ.

ಉತ್ತರ 3: ಇದೇ ಆಲ್ಬಮ್‌ನ ‘ಮೈ ಅಕ್ಟೋಬರ್ ಸಿಂಫನಿ’ ಹಾಡಿನಲ್ಲಿ ಗಿಟಾರ್ ವಾದಕ ಜಾನಿ ಮಾರ್ ಅವರ ನುಡಿಸುವಿಕೆಯನ್ನೂ ಗಮನಿಸಿ.